ಬಿಡಿಭಾಗಗಳ ಕನಸು ಕಂಡ ಕೋಲ್ಟ್: ರಿವಾಲ್ವರ್ ಜನಕನ ಏಳುಬೀಳಿನ ಬದುಕು

2018ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡ್ ಹರಾಜು ಸಂಸ್ಥೆಯಲ್ಲಿ 1847ರ ಕಾಲದ ಒಂದು ರಿವಾಲ್ವರ್ 18.4 ಲಕ್ಷ ಡಾಲರಿಗೆ ಮಾರಾಟವಾಯಿತು. ಒಂದು ಕಾಲದಲ್ಲಿ ಡೆನ್ಮಾರ್ಕಿನ ಹಡಗಿನ ಕಪ್ತಾನನೊಬ್ಬನ ಸ್ವತ್ತಾಗಿದ್ದ ಆ ಆಯುಧಕ್ಕೆ ಅಷ್ಟು ಬೆಲೆ ಬರಲು ಕಾರಣ ಅದು ಚೆನ್ನಾಗಿ ಗುಂಡು ಹಾರಿಸುತ್ತದೆ ಎಂಬುದಲ್ಲ. ಮರದ ಪೆಟ್ಟಿಗೆ ಮತ್ತು ಪರಿಕರಗಳ ಸಮೇತ ಅದು ಮೂಲರೂಪದಲ್ಲೇ ಉಳಿದು ಬಂದಿತ್ತು ಎಂಬುದೇ ಕಾರಣ.

ಹಳೆಯ ರಿವಾಲ್ವರ್ ಕೊಳ್ಳುವವರ ಮುಂದೆ ಇಂದು ನಿಲ್ಲುವ ಮೊದಲ ಪ್ರಶ್ನೆ ಇದೇ. ತುಕ್ಕು ತೆಗೆದು, ಮುರಿದ ಭಾಗ ಬದಲಿಸಿ, ಹೊಸದರಂತೆ ಮಾಡಬೇಕೇ? ಅಥವಾ ಇದ್ದುದನ್ನು ಇದ್ದಂತೆಯೇ ಕಾಪಾಡಬೇಕೇ? ಈ ಪ್ರಶ್ನೆಯ ಬೇರು ಆ ಆಯುಧವನ್ನು ರೂಪಿಸಿದ ಮನುಷ್ಯನ ಬದುಕಿನಲ್ಲಿದೆ. ಕೆಟ್ಟ ಭಾಗವನ್ನು ತೆಗೆದು ಅದೇ ಅಳತೆಯ ಇನ್ನೊಂದನ್ನು ಕೂರಿಸಿದರೆ ಸಾಕು, ನುರಿತ ಕಮ್ಮಾರನ ಹಂಗು ಬೇಡ ಎಂದು ಜಗತ್ತಿಗೆ ಸಾರಿದವನು ಸ್ಯಾಮ್ಯುಯೆಲ್ ಕೋಲ್ಟ್. ಆ ಮಾತನ್ನು ಪೂರ್ತಿಯಾಗಿ ನಡೆಸಿಕೊಡಲು ಮಾತ್ರ ಅವನಿಂದ ಆಗಲಿಲ್ಲ.

ಕಲ್ಕತ್ತೆಯ ಹಾದಿಯಲ್ಲಿ ಕೆತ್ತಿದ ಮಾದರಿ

ಕೋಲ್ಟ್ ಹುಟ್ಟಿದ್ದು 1814ರ ಜುಲೈ 19ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಾಯಿ ಸಾರಾ ಕ್ಷಯರೋಗದಿಂದ ತೀರಿಕೊಂಡಾಗ ಆತ ಇನ್ನೂ ಬಾಲಕ. ತಂದೆ ಕ್ರಿಸ್ಟಫರ್ ವ್ಯಾಪಾರದಲ್ಲಿ ಗಳಿಸಿದ್ದನ್ನು ವ್ಯಾಪಾರದಲ್ಲೇ ಕಳೆದುಕೊಂಡು ಮತ್ತೆ ಜವಳಿ ಗಿರಣಿಯ ಉದ್ಯಮಕ್ಕೆ ಇಳಿದವನು. ಹನ್ನೊಂದರ ವಯಸ್ಸಿಗೇ ಮಗನನ್ನು ಗ್ಲಾಸ್ಟನ್‌ಬರಿಯ ರೈತನೊಬ್ಬನ ಬಳಿ ದುಡಿಮೆಗೆ ಬಿಡಲಾಯಿತು. ಅಲ್ಲಿ ಕೈಗೆ ಸಿಕ್ಕ ವಿಜ್ಞಾನದ ವಿಶ್ವಕೋಶವೊಂದು ಹುಡುಗನ ತಲೆಯಲ್ಲಿ ಕೋವಿಮದ್ದು ಮತ್ತು ವಿದ್ಯುತ್ತಿನ ಕನಸುಗಳನ್ನು ತುಂಬಿತು.

ಶಾಲೆಯ ಶಿಸ್ತಿಗೆ ಒಗ್ಗದ ಆತನನ್ನು 1830ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ ಕಾರ್ವೋ ಎಂಬ ಹಡಗಿಗೆ ಹತ್ತಿಸಲಾಯಿತು. ಹದಿನಾರರ ಆ ಹುಡುಗ ಸಮುದ್ರಯಾನದಲ್ಲಿ ಚಾಕುವಿನಿಂದ ಮರದ ತುಂಡನ್ನು ಕೆತ್ತಿ ಒಂದು ಮಾದರಿಯನ್ನು ತಯಾರಿಸಿದ. ಗುಂಡುಗಳನ್ನು ತುಂಬಿದ ಉರುಳೆಯೊಂದು ಸರದಿಯಂತೆ ತಿರುಗಿ ನಳಿಗೆಯ ನೇರಕ್ಕೆ ಬಂದು ನಿಲ್ಲುವ ವ್ಯವಸ್ಥೆ ಅದು. ಹಡಗಿನ ಚಕ್ರವೋ ಲಂಗರು ಎಳೆಯುವ ರಾಟೆಯೋ ತಿರುಗುತ್ತ ಪ್ರತಿ ಹಲ್ಲಿಗೂ ಬಿಗಿಯಾಗಿ ನಿಲ್ಲುವುದನ್ನು ಕಂಡು ಈ ಯೋಚನೆ ಹೊಳೆಯಿತೆಂಬುದು ಪ್ರಚಲಿತ ಕಥೆ. ಭಾರತದಲ್ಲಿ ಬ್ರಿಟಿಷರ ಬಳಿಯಿದ್ದ ಕೋಲಿಯರ್ ಎಂಬ ಹಳೆಯ ಮಾದರಿಯ ತಿರುಗುಕೋವಿಯನ್ನು ಆತ ಕಂಡಿರಬಹುದೆಂದು ಊಹಿಸುವ ಇತಿಹಾಸಕಾರರೂ ಇದ್ದಾರೆ. ಸ್ಫೂರ್ತಿ ಯಾವುದೇ ಇರಲಿ, ತಿರುಗುವ ಉರುಳೆಯ ಕಲ್ಪನೆ ಕೋಲ್ಟ್‌ನಿಗಿಂತ ಹಳೆಯದು. ಹ್ಯಾಮರನ್ನು ಹಿಂದಕ್ಕೆಳೆದಾಗ ಉರುಳೆ ತಾನಾಗಿ ತಿರುಗಿ, ಸರಿಯಾದ ಸ್ಥಾನದಲ್ಲಿ ಭದ್ರವಾಗಿ ಕಚ್ಚಿಕೊಳ್ಳುವಂತೆ ಮಾಡಿದ್ದು ಆತನ ಸಾಧನೆ.

ಊರಿಗೆ ಮರಳಿದ ಮೇಲೆ ತಂದೆಯ ನೆರವಿನಿಂದ ಎರಡು ಆಯುಧಗಳನ್ನು ಮಾಡಿಸಿದ. ಪಿಸ್ತೂಲು ಮೊದಲ ಪರೀಕ್ಷೆಯಲ್ಲೇ ಸಿಡಿದು ಹೋಯಿತು. ಇನ್ನಷ್ಟು ಹಣ ಹೊಂದಿಸಲು ಕೋಲ್ಟ್ ಹಿಡಿದ ದಾರಿ ವಿಚಿತ್ರವಾದದ್ದು. 1832ರಿಂದ ಸುಮಾರು ಮೂರು ವರ್ಷ ಆತ ಊರೂರು ಸುತ್ತಿ, ನಗೆಯನಿಲವೆಂದು ಕರೆಯುವ ನೈಟ್ರಸ್ ಆಕ್ಸೈಡನ್ನು ಸಭಿಕರಿಗೆ ಉಸಿರಾಡಿಸಿ, ಟಿಕೆಟಿಟ್ಟು ಪ್ರದರ್ಶನ ಕೊಟ್ಟ. ಪ್ರಕಟಣೆಗಳಲ್ಲಿ ಆತ ನ್ಯೂಯಾರ್ಕ್, ಲಂಡನ್ ಮತ್ತು ಕಲ್ಕತ್ತೆಯ ಡಾಕ್ಟರ್ ಕೌಲ್ಟ್ ಆಗಿದ್ದ. ವೈದ್ಯಶಿಕ್ಷಣ ಪಡೆಯದಿದ್ದರೂ ಕಲ್ಕತ್ತೆಯನ್ನಂತೂ ಕಂಡಿದ್ದ. ಬಂದ ಹಣವನ್ನು ಬಾಲ್ಟಿಮೋರಿನ ಬಂದೂಕು ತಯಾರಕ ಜಾನ್ ಪಿಯರ್ಸನ್‌ಗೆ ಕೊಟ್ಟು ಮಾದರಿಗಳನ್ನು ಮಾಡಿಸುತ್ತಿದ್ದ. ಕೂಲಿ ಸಕಾಲಕ್ಕೆ ಬರುವುದಿಲ್ಲವೆಂಬ ಪಿಯರ್ಸನ್ನನ ದೂರು ಕೊನೆಯವರೆಗೂ ನಿಲ್ಲಲಿಲ್ಲ.

ಮೊದಲ ಕಂಪನಿಯ ಪತನ

1835ರಲ್ಲಿ ಬ್ರಿಟನ್ನಿನಲ್ಲಿ, 1836ರ ಫೆಬ್ರವರಿ 25ರಂದು ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ನ್ಯೂಜೆರ್ಸಿಯ ಪ್ಯಾಟರ್ಸನ್ ಪಟ್ಟಣದಲ್ಲಿ ಬಂಧುಗಳ ಹಣದಿಂದ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಐದು ಗುಂಡಿನ ರಿವಾಲ್ವರಿನಲ್ಲಿ ಟ್ರಿಗರ್ ಒಳಗೆ ಮಡಚಿಕೊಂಡಿದ್ದು, ಹ್ಯಾಮರ್ ಎಳೆದಾಗ ಮಾತ್ರ ಹೊರಗೆ ಇಣುಕುತ್ತಿತ್ತು. ನೋಡಲು ನಾಜೂಕಾಗಿದ್ದ ಆಯುಧ ಬಳಕೆಯಲ್ಲೂ ನಾಜೂಕೇ ಆಗಿತ್ತು. 1837ರಲ್ಲಿ ಪರೀಕ್ಷೆ ನಡೆಸಿದ ಸೇನಾ ಮಂಡಳಿ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಅಮೆರಿಕವನ್ನು ಆವರಿಸಿದ ಆರ್ಥಿಕ ಕುಸಿತವೂ ಹೊಡೆತ ಕೊಟ್ಟಿತು. ಮಾರಾಟಕ್ಕಿಂತ ಔತಣಕೂಟಗಳಿಗೇ ಹೆಚ್ಚು ಖರ್ಚಾಗುತ್ತಿದೆಯೆಂದು ಕಂಪನಿಯ ಹೊಣೆ ಹೊತ್ತಿದ್ದ ಬಂಧು ಡಡ್ಲಿ ಸೆಲ್ಡನ್ ಸಿಡಿಮಿಡಿಗೊಂಡಿದ್ದ. 1842ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಮನೆಯ ಸಂಕಟ ಇದಕ್ಕಿಂತ ಕ್ರೂರವಾಗಿತ್ತು. ಅಣ್ಣ ಜಾನ್ ಕೋಲ್ಟ್ 1841ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಕನೊಬ್ಬನನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದ. ಸಾಲದ ನಡುವೆಯೂ ಸ್ಯಾಮ್ಯುಯೆಲ್ ಅಣ್ಣನ ಪರವಾಗಿ ನಿಂತ. ಮರಣದಂಡನೆ ತಪ್ಪಲಿಲ್ಲ. 1842ರ ನವೆಂಬರ್ 18ರಂದು, ಗಲ್ಲಿಗೇರಿಸಬೇಕಿದ್ದ ದಿನವೇ, ಜಾನ್ ಸೆರೆಮನೆಯ ಕೋಣೆಯಲ್ಲಿ ಪ್ರಾಣ ಕಳೆದುಕೊಂಡ.

ಮುಂದಿನ ಕೆಲವು ವರ್ಷ ಕೋಲ್ಟ್ ರಿವಾಲ್ವರನ್ನು ಬದಿಗಿಟ್ಟ. ನೀರಿನಡಿಯ ತಂತಿಯ ಮೂಲಕ ವಿದ್ಯುತ್ ಹರಿಸಿ ಸಿಡಿಸುವ ಜಲಸ್ಫೋಟಕಗಳ ಪ್ರಯೋಗದಲ್ಲಿ ಮುಳುಗಿದ. 1844ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಭಾರಿ ಜನಸ್ತೋಮದೆದುರು ಹಡಗೊಂದನ್ನು ಉಡಾಯಿಸಿ ತೋರಿಸಿದರೂ ಸರ್ಕಾರ ಆ ಯೋಜನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಮೂವತ್ತು ತುಂಬುವ ಹೊತ್ತಿಗೆ ಆತನ ಹೆಸರಿನಲ್ಲಿ ಉಳಿದಿದ್ದುದು ಸಾಲ, ಸೋಲು ಮತ್ತು ಒಂದು ಪೇಟೆಂಟ್.

ಬಳಸಿದವನೇ ಹೇಳಿದ ತಿದ್ದುಪಡಿ

ಪ್ಯಾಟರ್ಸನ್ನಿನಿಂದ ಹೊರಬಿದ್ದ ರಿವಾಲ್ವರುಗಳು ಮಾತ್ರ ಸುಮ್ಮನಿರಲಿಲ್ಲ. ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸ್ ತನ್ನ ನೌಕಾಪಡೆಗೆಂದು 1839ರಲ್ಲಿ 180 ರಿವಾಲ್ವರುಗಳನ್ನು ಕೊಂಡಿತ್ತು. ಮುಂದೆ ಅವು ಟೆಕ್ಸಾಸ್ ರೇಂಜರ್ಸ್ ಎಂಬ ಕುದುರೆ ದಳದ ಕೈ ಸೇರಿದವು. 1844ರ ಜೂನ್‌ನಲ್ಲಿ ಕ್ಯಾಪ್ಟನ್ ಜಾನ್ ಕಾಫಿ ಹೇಸ್ ನೇತೃತ್ವದ ಸುಮಾರು ಹದಿನೈದು ರೇಂಜರುಗಳು, ತಮಗಿಂತ ಹಲವು ಪಟ್ಟು ಹೆಚ್ಚಿದ್ದ ಕೊಮಾಂಚಿ ಬುಡಕಟ್ಟಿನ ಯೋಧರನ್ನು ಈ ಆಯುಧಗಳಿಂದಲೇ ಹಿಮ್ಮೆಟ್ಟಿಸಿದರು. ಒಂದು ಗುಂಡು ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಬಾಣಗಳ ಸುರಿಮಳೆಗರೆಯುತ್ತಿದ್ದ ಮೂಲನಿವಾಸಿಗಳ ಮೇಲುಗೈ ಅಂದಿನಿಂದ ಕರಗತೊಡಗಿತು. ಕೋಲ್ಟ್‌ನ ಭಾಗ್ಯೋದಯದ ಹಿಂದೆ ನೆಲ ಕಳೆದುಕೊಂಡ ಜನರ ಕಥೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಆ ಕಾದಾಟದಲ್ಲಿದ್ದ ಸ್ಯಾಮ್ಯುಯೆಲ್ ವಾಕರ್, ಮೆಕ್ಸಿಕೊ ಯುದ್ಧ ಆರಂಭವಾದ ಬಳಿಕ ಕೋಲ್ಟ್‌ನೊಂದಿಗೆ ಪತ್ರವ್ಯವಹಾರ ನಡೆಸಿ, ಆಯುಧದಲ್ಲಿ ಏನೇನು ಬದಲಾಗಬೇಕೆಂದು ವಿವರಿಸಿದ. ಐದರ ಬದಲು ಆರು ಗುಂಡು, ಮಡಚುವ ಟ್ರಿಗರಿನ ಬದಲು ಕಾವಲಿರುವ ಸ್ಥಿರ ಟ್ರಿಗರ್, ಕುದುರೆಯ ಮೇಲಿಂದಲೇ ಗುಂಡು ತುಂಬಲು ನಳಿಗೆಯಡಿಯಲ್ಲಿ ಸನ್ನೆ, ಹೆಚ್ಚು ಮದ್ದು ಹಿಡಿಯುವ ಉರುಳೆ. 1847ರ ಜನವರಿಯಲ್ಲಿ ಸರ್ಕಾರ ಸಾವಿರ ರಿವಾಲ್ವರುಗಳಿಗೆ ಬೇಡಿಕೆ ಇಟ್ಟಿತು. ಆಗ ಕೋಲ್ಟ್ ಬಳಿ ಕಾರ್ಖಾನೆಯೇ ಇರಲಿಲ್ಲ. ಎಲಿ ವಿಟ್ನಿ ಜೂನಿಯರ್‌ನ ಕಾರ್ಖಾನೆಯಲ್ಲಿ ಅವುಗಳನ್ನು ಮಾಡಿಸಿ ಕೊಟ್ಟ.

ಸುಮಾರು ಎರಡು ಕಿಲೋ ತೂಗುತ್ತಿದ್ದ ವಾಕರ್ ರಿವಾಲ್ವರಿನ ಬಲವೇ ಅದರ ದೌರ್ಬಲ್ಯವೂ ಆಯಿತು. ಪ್ರತಿ ಕೋಣೆಯೂ ಸುಮಾರು ನಾಲ್ಕು ಗ್ರಾಂ ಮದ್ದು ಹಿಡಿಯುತ್ತಿತ್ತು. ಅಂದಿನ ಕಬ್ಬಿಣ ಆ ಒತ್ತಡವನ್ನು ಸದಾ ತಾಳುತ್ತಿರಲಿಲ್ಲ. ಹಲವು ಉರುಳೆಗಳು ಬಿರಿದವು. ಗುಂಡು ಹಾರಿದ ಹೊಡೆತಕ್ಕೆ ನಳಿಗೆಯಡಿಯ ಸನ್ನೆ ಕಳಚಿ ಬಿದ್ದು ಮುಂದಿನ ಗುಂಡಿಗೆ ಅಡ್ಡಿಯಾಗುತ್ತಿತ್ತು. ಸೈನಿಕರು ಚರ್ಮದ ಪಟ್ಟಿಯಿಂದ ಅದನ್ನು ನಳಿಗೆಗೆ ಕಟ್ಟಿಕೊಂಡು ಕೆಲಸ ಸಾಗಿಸಿದರು. ವಾಕರ್ 1847ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ವಾಮಾಂಟ್ಲಾದಲ್ಲಿ ಹತನಾದ. ಕೋಲ್ಟ್ ಮಾತ್ರ ಪಾಠ ಕಲಿತ. ಮರುವರ್ಷ ಬಂದ ಡ್ರಗೂನ್ ಮಾದರಿಯಲ್ಲಿ ಮದ್ದಿನ ಪ್ರಮಾಣ ತಗ್ಗಿತು, ನಳಿಗೆ ಗಿಡ್ಡವಾಯಿತು, ಸನ್ನೆಗೆ ಭದ್ರವಾದ ಕೊಂಡಿ ಬಂತು.

ಯಂತ್ರಗಳ ಮಾತು, ಅರದ ವಾಸ್ತವ

1848ರಲ್ಲಿ ಕೋಲ್ಟ್ ಹಾರ್ಟ್‌ಫರ್ಡಿನಲ್ಲಿ ಸ್ವಂತ ಕಾರ್ಖಾನೆ ತೆರೆದ. ಮರುವರ್ಷ ಕೊಡಲಿ ಕಾರ್ಖಾನೆಯಲ್ಲಿ ಹೆಸರು ಮಾಡಿದ್ದ ಎಲಿಶಾ ರೂಟ್ ಎಂಬ ಯಂತ್ರತಜ್ಞನನ್ನು ದೊಡ್ಡ ಸಂಬಳ ಕೊಟ್ಟು ಕರೆತಂದ. ಕೋಲ್ಟ್ ಮಾಡಿದ ಅತ್ಯುತ್ತಮ ವ್ಯವಹಾರ ಇದೇ ಎನ್ನಬಹುದು. ಕೈಯಿಂದ ಬಡಿದು ರೂಪಿಸುತ್ತಿದ್ದ ಭಾಗಗಳನ್ನು ರೂಟ್ ಅಚ್ಚು ಮತ್ತು ಯಂತ್ರಗಳಿಗೆ ವಹಿಸಿದ. ಮುಂದೆ ಯಂತ್ರೋಪಕರಣ ಲೋಕದಲ್ಲಿ ದೊಡ್ಡ ಹೆಸರಾದ ಫ್ರಾನ್ಸಿಸ್ ಪ್ರ್ಯಾಟ್ ಮತ್ತು ಅಮೋಸ್ ವಿಟ್ನಿ ಇಬ್ಬರೂ ಈ ಕಾರ್ಖಾನೆಯಲ್ಲೇ ಪಳಗಿದವರು.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೋಲ್ಟ್ ಮಳಿಗೆ ಜನರನ್ನು ಸೆಳೆಯಿತು. ಅದೇ ವರ್ಷ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಆತ ತಿರುಗು ಆಯುಧಗಳ ಬಗ್ಗೆ ಪ್ರಬಂಧ ಮಂಡಿಸಿದ. ಅದಕ್ಕೆ ಟೆಲ್‌ಫೋರ್ಡ್ ಪದಕ ಸಂದಿತು. 1853ರಲ್ಲಿ ಥೇಮ್ಸ್ ದಂಡೆಯಲ್ಲೇ ಒಂದು ಕಾರ್ಖಾನೆ ತೆರೆದ. ಲಂಡನ್ನಿನ ರಾಬರ್ಟ್ ಆಡಮ್ಸ್ ಎಂಬ ಪ್ರತಿಸ್ಪರ್ಧಿಯ ರಿವಾಲ್ವರ್, ಟ್ರಿಗರ್ ಒತ್ತಿದ ಮಾತ್ರಕ್ಕೇ ಗುಂಡು ಹಾರಿಸುತ್ತಿತ್ತು. ಕೋಲ್ಟ್‌ನದಕ್ಕೆ ಪ್ರತಿ ಬಾರಿಯೂ ಹ್ಯಾಮರ್ ಎಳೆಯಬೇಕಿತ್ತು. ಭಾರತದಲ್ಲಿ 1857ರ ದಂಗೆಯ ಕಾಲಕ್ಕೆ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಈ ಎರಡೂ ಬಗೆಯ ಆಯುಧಗಳಿದ್ದವು. ಲಂಡನ್ ಕಾರ್ಖಾನೆ ಮಾತ್ರ 1856ರ ಕೊನೆಗೇ ಮುಚ್ಚಿತ್ತು.

ಯಂತ್ರದಿಂದ ಮಾಡಿದ ಬಿಡಿಭಾಗಗಳನ್ನು ಒಂದು ಆಯುಧದಿಂದ ಇನ್ನೊಂದಕ್ಕೆ ಬದಲಿಸಬಹುದೆಂಬುದು ಕೋಲ್ಟ್‌ನ ಪ್ರಚಾರದ ಜೀವಾಳ. ಆದರೆ 1854ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿದಾಗ, ಆತನ ಲಂಡನ್ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದ ಮೇಲ್ವಿಚಾರಕ ಇದನ್ನು ಒಪ್ಪಲಿಲ್ಲ. ಯಂತ್ರದಿಂದ ಬಂದ ಭಾಗಗಳನ್ನು ಕೊನೆಯಲ್ಲಿ ಕುಶಲಕರ್ಮಿಗಳು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದರು. ಹಾಗೆ ಹೊಂದಿಸಿದವು ಬೇರೆಯಾಗಬಾರದೆಂದೇ ಚೌಕಟ್ಟು, ನಳಿಗೆ, ಉರುಳೆ, ಟ್ರಿಗರ್ ಕಾವಲು, ಹಿಡಿಯ ಪಟ್ಟಿ, ಕೊನೆಗೆ ನಳಿಗೆಯನ್ನು ಬಿಗಿಹಿಡಿಯುವ ಬೆಣೆಯ ಮೇಲೂ ಒಂದೇ ಸಂಖ್ಯೆಯನ್ನು ಒತ್ತುತ್ತಿದ್ದರು. 1851ರ ನೇವಿ ಮಾದರಿ ಹಾರ್ಟ್‌ಫರ್ಡಿನಲ್ಲೇ ಎರಡು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಷ್ಟರಲ್ಲೂ ಪ್ರತಿಯೊಂದಕ್ಕೂ ಅದರದೇ ಆದ ಹೊಂದಾಣಿಕೆ ಇತ್ತು.

ಕೊಳ್ಳುವವರ ಎದುರಿನ ಸಂಕಟ

ಇಂದು ಹಳೆಯ ಕೋಲ್ಟ್ ಕೊಳ್ಳುವವರು ಮೊದಲು ಹುಡುಕುವುದು ಈ ಸಂಖ್ಯೆಗಳನ್ನೇ. ಎಲ್ಲವೂ ಒಂದೇ ಆಗಿದ್ದರೆ ಆಯುಧ ಕಾರ್ಖಾನೆಯಿಂದ ಹೊರಟ ರೂಪದಲ್ಲಿದೆ ಎಂಬ ಭರವಸೆ. ಬೇರೆ ಬೇರೆಯಾಗಿದ್ದರೆ ಎಲ್ಲೋ ಯಾರೋ ಕೈಯಾಡಿಸಿದ್ದಾರೆ ಎಂದರ್ಥ.

ಎರಡನೆಯದು ಚಲನೆಯ ಪರೀಕ್ಷೆ. ಹ್ಯಾಮರನ್ನು ನಿಧಾನವಾಗಿ ಎಳೆದಾಗ ಉರುಳೆ ಪೂರ್ತಿ ತಿರುಗಿ ಕಚ್ಚಿಕೊಳ್ಳಬೇಕು. ಅರ್ಧಕ್ಕೇ ನಿಂತರೆ ಉರುಳೆಯನ್ನು ತಳ್ಳುವ ಸಣ್ಣ ಕೈ ಸವೆದಿರುತ್ತದೆ, ಅಥವಾ ಅದರ ತೆಳು ಸ್ಪ್ರಿಂಗ್ ಮುರಿದಿರುತ್ತದೆ. ಮಲೆನಾಡಿನ ಹಳೆಯ ಕೇಪಿನ ಕೋವಿಗಳಲ್ಲಿರುವಂತೆ ಇಲ್ಲೂ ಕೇಪು ಕೂರುವ ಮೊಲೆಗಳು ತುಕ್ಕು ಹಿಡಿದು ಮುಚ್ಚಿರುವುದುಂಟು. ಕಪ್ಪು ಮದ್ದಿನ ಮಸಿ ತೇವ ಹೀರುವುದರಿಂದ, ಒರೆಸದೆ ಬಿಟ್ಟ ಆಯುಧವನ್ನು ಅದು ಒಳಗಿನಿಂದಲೇ ತಿನ್ನುತ್ತದೆ.

ಇಲ್ಲಿಂದ ಮುಂದೆ ರಿಪೇರಿಯ ನಿರ್ಧಾರ. ಒಳಗಿನ ಸ್ಪ್ರಿಂಗ್ ಬದಲಿಸಿ, ಮುರಿದ ಮೂಲ ತುಂಡನ್ನು ಪೊಟ್ಟಣದಲ್ಲಿ ಜೋಪಾನವಾಗಿಟ್ಟರೆ ಹಾನಿಯಿಲ್ಲ. ಬೇಕೆಂದಾಗ ಮತ್ತೆ ಮೊದಲಿನಂತೆ ಮಾಡಬಹುದು. ಆದರೆ ಬದಲಿ ಭಾಗ ತಂದ ಕೂಡಲೇ ಕೂರುವುದಿಲ್ಲ. ಕೋಲ್ಟ್‌ನ ಕೆಲಸಗಾರರು ಮಾಡಿದಂತೆಯೇ ಅರ ಹಿಡಿದು ಹೊಂದಿಸಬೇಕು. ಆಗ ಉಜ್ಜಬೇಕಾದದ್ದು ಹೊಸ ಭಾಗವನ್ನೇ ಹೊರತು ಹಳೆಯ ಚೌಕಟ್ಟನ್ನಲ್ಲ.

ಹೊರಮೈಯನ್ನು ಹೊಳಪಿಸುವುದು ಮಾತ್ರ ಸರಿಪಡಿಸಲಾಗದ ತಪ್ಪು. ನೇವಿ ಮಾದರಿಯ ಉರುಳೆಯ ಮೇಲೆ 1843ರ ಕ್ಯಾಂಪೀಚ್ ನೌಕಾಯುದ್ಧದ ದೃಶ್ಯ ಒತ್ತಲ್ಪಟ್ಟಿದೆ. ತನ್ನ ರಿವಾಲ್ವರನ್ನು ಮೊದಲು ನಂಬಿದ ಟೆಕ್ಸಾಸ್ ನೌಕಾಪಡೆಗೆ ಕೋಲ್ಟ್ ಸಲ್ಲಿಸಿದ ಗೌರವ ಅದು. ನೋಟುಗಳ ಅಚ್ಚು ಕೆತ್ತುವುದರಲ್ಲಿ ನಿಪುಣನಾದ ವಾಟರ್‌ಮನ್ ಆರ್ಮ್ಸ್‌ಬಿ ಅದನ್ನು ರೂಪಿಸಿದ್ದ. ಕೂದಲೆಳೆಯಷ್ಟೇ ಆಳದ ಆ ಗೆರೆಗಳು ಒಂದು ಸಂಜೆಯ ಪಾಲಿಶಿನಲ್ಲಿ ಅಳಿಸಿಹೋಗುತ್ತವೆ. ಜೊತೆಗೆ ಬೆಲೆಯ ಬಹುಪಾಲೂ ಹೋಗುತ್ತದೆ. ಹಳೆಯ ರಿಪೇರಿಯೆಲ್ಲವೂ ದೋಷವಲ್ಲ ಎಂಬುದೂ ಅಷ್ಟೇ ನಿಜ. 1870ರ ದಶಕದಲ್ಲಿ ಕಾರ್ಖಾನೆಯೇ ಕೇಪಿನ ರಿವಾಲ್ವರುಗಳನ್ನು ತೋಟಾ ಹಾಕುವಂತೆ ಮಾರ್ಪಡಿಸಿತು. ಅಂಥವು ಇಂದು ಇತಿಹಾಸದ ಭಾಗವಾಗಿಯೇ ಬೆಲೆ ಪಡೆಯುತ್ತವೆ.

ಕಾನೂನಿನಲ್ಲೂ ರಿಪೇರಿಗೆ ತೂಕವಿದೆ. ಅಮೆರಿಕದ ಒಕ್ಕೂಟ ಕಾನೂನು 1898 ಹಾಗೂ ಅದಕ್ಕೂ ಹಿಂದೆ ತಯಾರಾದ ಆಯುಧಗಳನ್ನು ಪುರಾತನವೆಂದು ಪ್ರತ್ಯೇಕಿಸುತ್ತದೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ವಯಸ್ಸನ್ನಷ್ಟೇ ನೋಡುವುದಿಲ್ಲ. ರಿಪೇರಿ ಮಾಡಿದರೂ ಬಳಸಲಾಗದ ಪುರಾತನ ಆಯುಧಕ್ಕೆ ಮಾತ್ರ ವಿನಾಯಿತಿ. ರಿಪೇರಿಯಿಂದ ಗುಂಡು ಹಾರಿಸಬಲ್ಲದಾದರೆ ಅದು ಎಷ್ಟೇ ಹಳೆಯದಿರಲಿ, ಪರವಾನಗಿ ಬೇಕು. ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು.

ನೀಲಿ ಗುಮ್ಮಟದ ಕೆಳಗೆ

ಕೋಲ್ಟ್‌ನ ಕೊನೆಯ ವರ್ಷಗಳು ವೈಭವದವು. ಕನೆಕ್ಟಿಕಟ್ ನದಿಯ ಪ್ರವಾಹಕ್ಕೆ ತುತ್ತಾಗುತ್ತಿದ್ದ ಬಯಲಿಗೆ ಸುಮಾರು ಮೂರು ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿಸಿ, 1855ರಲ್ಲಿ ಅಲ್ಲಿ ಹೊಸ ಕಾರ್ಖಾನೆ ಎಬ್ಬಿಸಿದ. ಚಿನ್ನದ ನಕ್ಷತ್ರಗಳ ನೀಲಿ ಗುಮ್ಮಟ, ಅದರ ತುದಿಯಲ್ಲಿ ಹಿಂಗಾಲಿನ ಮೇಲೆ ನಿಂತ ಕುದುರೆಮರಿ; ಕೋಲ್ಟ್ ಎಂಬ ಪದಕ್ಕೆ ಕುದುರೆಮರಿ ಎಂದೇ ಅರ್ಥ. ಕೆಲಸಗಾರರಿಗೆ ಮನೆಗಳೂ ಸಭಾಭವನವೂ ಬಂದವು. 1856ರ ಜೂನ್‌ನಲ್ಲಿ ಎಲಿಜಬೆತ್ ಜಾರ್ವಿಸ್‌ಳನ್ನು ಮದುವೆಯಾದ. ಹುಟ್ಟಿದ ಮಕ್ಕಳ ಪೈಕಿ ಬಾಲ್ಯ ದಾಟಿ ಉಳಿದವನು ಕ್ಯಾಲ್ಡ್‌ವೆಲ್ ಒಬ್ಬನೇ.

ವ್ಯಾಪಾರದಲ್ಲಿ ಕೋಲ್ಟ್‌ಗೆ ಪಕ್ಷಪಾತವಿರಲಿಲ್ಲ. ತುರ್ಕಿಯ ಸುಲ್ತಾನನಿಗೂ ರಷ್ಯಾದ ಚಕ್ರವರ್ತಿಗೂ ಚಿನ್ನದ ಕುಸುರಿಯ ರಿವಾಲ್ವರುಗಳನ್ನು ಕಾಣಿಕೆಯಾಗಿತ್ತ. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ ದಕ್ಷಿಣದ ರಾಜ್ಯಗಳಿಗೂ ಆಯುಧ ಮಾರುತ್ತಲೇ ಇದ್ದ. 1861ರ ಏಪ್ರಿಲ್‌ನಲ್ಲಿ ಯುದ್ಧ ಸಿಡಿದ ಮೇಲಷ್ಟೇ ನಿಲ್ಲಿಸಿದ. ಉತ್ತರದವರಿಂದ ಕಟುಟೀಕೆ ಎದುರಿಸಬೇಕಾಯಿತು. ಸಂಧಿವಾತದಿಂದ ಜರ್ಜರಿತನಾಗಿದ್ದ ಆತ 1862ರ ಜನವರಿ 10ರಂದು 47ನೆಯ ವಯಸ್ಸಿನಲ್ಲಿ ತೀರಿಕೊಂಡ. ಬಿಟ್ಟುಹೋದ ಆಸ್ತಿ ಸುಮಾರು ಒಂದೂವರೆ ಕೋಟಿ ಡಾಲರ್ ಎಂಬ ಅಂದಾಜಿದೆ. ಆತನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಪೀಸ್‌ಮೇಕರ್ ರಿವಾಲ್ವರ್ ಬಂದದ್ದು 1873ರಲ್ಲಿ. ಅದನ್ನು ಆತ ಕಾಣಲೇ ಇಲ್ಲ.

1864ರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಗುಮ್ಮಟ ಕುಸಿಯಿತು. ಎಲಿಜಬೆತ್ ಎದುರು ನಿಂತದ್ದೂ ರಿಪೇರಿಯ ಪ್ರಶ್ನೆಯೇ. ಆಕೆ ಕೈಚೆಲ್ಲಲಿಲ್ಲ. ಕಣ್ಣಿಗೆ ಕಾಣುವ ರೂಪದಲ್ಲಿ ಗಂಡನ ನೀಲಿ ಗುಮ್ಮಟವನ್ನೇ ಮತ್ತೆ ನಿಲ್ಲಿಸಿದಳು. ಒಳಗೆ ಬೆಂಕಿಗೆ ಸುಲಭವಾಗಿ ಬಗ್ಗದ ಇಟ್ಟಿಗೆಯ ಕಟ್ಟಡ ಕಟ್ಟಿಸಿದಳು. 1901ರಲ್ಲಿ ಕಂಪನಿ ಕುಟುಂಬದ ಕೈ ಬಿಟ್ಟಿತು. 1905ರಲ್ಲಿ ಎಲಿಜಬೆತ್ ತೀರಿಕೊಂಡಾಗ ಗಂಡನ ಆಯುಧ ಸಂಗ್ರಹ ಹಾರ್ಟ್‌ಫರ್ಡಿನ ವ್ಯಾಡ್ಸ್‌ವರ್ತ್ ಕಲಾ ಸಂಗ್ರಹಾಲಯ ಸೇರಿತು. ಕಾರ್ಖಾನೆಯ ಆವರಣವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿಸಲು 2014ರಲ್ಲಿ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ನೀಡಿತು. ಕೋಲ್ಟ್ ಕಂಪನಿಯನ್ನು 2021ರಲ್ಲಿ ಜೆಕ್ ದೇಶದ ಶಸ್ತ್ರೋದ್ಯಮ ಸಮೂಹವೊಂದು ಕೊಂಡಿತು.

ಗುಂಡು ಹಾರಿಸುವ ಹವ್ಯಾಸಿಗಳಿಗಾಗಿ ಇಟಲಿಯ ತಯಾರಕರು 1950ರ ದಶಕದ ಕೊನೆಯಿಂದ ಕೋಲ್ಟ್ ಮಾದರಿಯ ಪ್ರತಿಕೃತಿಗಳನ್ನು ಮಾಡುತ್ತ ಬಂದಿದ್ದಾರೆ. ದುಡಿಮೆ ಪ್ರತಿಕೃತಿಗೆ, ವಿಶ್ರಾಂತಿ ಮೂಲಕ್ಕೆ ಎಂಬ ಈ ಹಂಚಿಕೆಯೇ ಹಳೆಯ ರಿವಾಲ್ವರ್ ಕೊಂಡವರಿಗೆ ಉಳಿದಿರುವ ವಿವೇಕದ ದಾರಿ. ಹಾರ್ಟ್‌ಫರ್ಡಿನ ಗುಮ್ಮಟದಲ್ಲೂ ಕಡೆಗೆ ಆದದ್ದು ಇದೇ. ಎಲಿಜಬೆತ್ ಕಾಲದ ಕುದುರೆಮರಿ ಈಗ ವಸ್ತುಸಂಗ್ರಹಾಲಯದ ಆಶ್ರಯದಲ್ಲಿದೆ. ಗುಮ್ಮಟದ ತುದಿಯಲ್ಲಿ ಮಳೆಗೂ ಹಿಮಕ್ಕೂ ಮೈಯೊಡ್ಡಿ ನಿಂತಿರುವುದು ಅದರ ಪ್ರತಿಕೃತಿ.